ಇರುವಷ್ಟು ದುಡ್ಡಿನಲ್ಲಿ ಕ್ಷಯವನ್ನು ಹಿಡಿಯುವುದು ಹೇಗೆ?

ಇಪ್ಪತ್ತು ವರ್ಷಗಳ ಹಿಂದಿನ ಮಾತು. ನಾನು ಬಿ.ಯು.ಎಂ.ಎಸ್. ಮುಗಿಸಿ ದವಾಖಾನೆ ತೆರೆದು ಆಗಿನ್ನೂ ವರ್ಷ ತುಂಬಿರಲಿಲ್ಲ. ಪಕ್ಕದ ಗಲ್ಲಿಯಲ್ಲಿ ಬೀಡಿ ಕಟ್ಟುತ್ತಿದ್ದ ಒಬ್ಬ ಖಾಲಾ ಬಂದರು. "ಮೂರು ವಾರ ಆಯ್ತು ಹಕೀಂ ಸಾಬ್, ಕೆಮ್ಮು ನಿಲ್ತಾನೇ ಇಲ್ಲ, ರಾತ್ರಿ ನಿದ್ದೆ ಇಲ್ಲ" ಎಂದರು. ನಾಡಿ ನೋಡಿದೆ, ಎದೆಗೆ ಸ್ಟೆತಾಸ್ಕೋಪ್ ಇಟ್ಟೆ. ತಂಬಾಕಿನ ಧೂಳಿನಿಂದ ಬಂದ ಕೆಮ್ಮು ಎಂದು ತೀರ್ಮಾನಿಸಿ ಲಊಕ್ ಸಪಿಸ್ತಾನ್ ಮತ್ತು ಶರ್ಬತ್ ಜೂಫಾ ಕೊಟ್ಟೆ. ಹದಿನೈದು ದಿನ ಬಿಟ್ಟು ಮತ್ತೆ ಬಂದರು. "ಸ್ವಲ್ಪ ವಾಸಿ" ಎಂದರು. ಅದೇ ಔಷಧಿ ಮತ್ತೆ ಕೊಟ್ಟೆ. ಮೂರನೆಯ ಸಲ ಅವರು ಬರಲಿಲ್ಲ, ಸೊಸೆ ಬಂದಳು. ಕೈಯಲ್ಲಿ ರಕ್ತದ ಕಲೆಯಿದ್ದ ಕರವಸ್ತ್ರ ಇತ್ತು. ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿದಾಗ ಕ್ಷಯದ ರೋಗಾಣುಗಳು ಕಿಕ್ಕಿರಿದು ಕಂಡವು.

ಖಾಲಾ ಔಷಧಿ ಮುಗಿಸಿ ಗುಣವಾದರು. ಆದರೆ ಆ ಎರಡೂವರೆ ತಿಂಗಳು ಅವರ ಮಗ್ಗುಲಲ್ಲೇ ಮಲಗುತ್ತಿದ್ದ ನಾಲ್ಕು ವರ್ಷದ ಮೊಮ್ಮಗನಿಗೆ ರೋಗ ಮಿದುಳಿನ ಪೊರೆಗೆ ಹತ್ತಿತ್ತು. ಹುಡುಗ ಬದುಕಿದ. ಈಗ ದೊಡ್ಡವನಾಗಿದ್ದಾನೆ, ಎಡಗಾಲು ಇಂದಿಗೂ ಎಳೆದು ನಡೆಯುತ್ತಾನೆ. ಅವನು ನಮ್ಮ ಬೀದಿಯಲ್ಲಿ ಹಾದುಹೋಗುವಾಗಲೆಲ್ಲ ನನಗೆ ಆ ಎರಡು ಶರ್ಬತ್ ಬಾಟಲಿಗಳು ನೆನಪಾಗುತ್ತವೆ.

ನನ್ನ ತಪ್ಪನ್ನು ಹೇಳಿಕೊಂಡು ಹಗುರವಾಗಲು ಇದನ್ನು ಬರೆಯುತ್ತಿಲ್ಲ. ಬಡ ದೇಶವೊಂದು ಕ್ಷಯವನ್ನು ಹತೋಟಿಗೆ ತರಲು ಯೋಜನೆ ಹಾಕುವಾಗ ಮೊದಲು ಕೇಳಬೇಕಾದ ಪ್ರಶ್ನೆ ಇದರಲ್ಲೇ ಇದೆ: ರೋಗಿಗಳು ಎಲ್ಲಿದ್ದಾರೆ, ಅವರನ್ನು ಯಾರು ಹುಡುಕಬೇಕು? ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ನಮ್ಮ ಬೆಂಗಳೂರಿನಲ್ಲಿ, ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ. ಆ ಕಥೆ ನಮ್ಮವರಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ.

ಹಾಸಿಗೆ ಸಾವಿರ, ರೋಗಿಗಳು ಲಕ್ಷ

ಮೊದಲು ರೋಗದ ಬಗ್ಗೆ ಎರಡು ಮಾತು. ಉರ್ದು ಬಲ್ಲ ಹಿರಿಯರು ಇದನ್ನು ಸಿಲ್ ಎಂದೋ ತಪೇದಿಕ್ ಎಂದೋ ಕರೆಯುತ್ತಿದ್ದರು. ಇದು ಒಬ್ಬರಿಂದ ಒಬ್ಬರಿಗೆ ಹರಡುವ ರೋಗವೆಂದು ಇಬ್ನ್ ಸೀನಾ ಸಾವಿರ ವರ್ಷಗಳ ಹಿಂದೆಯೇ 'ಅಲ್ ಖಾನೂನ್'ನಲ್ಲಿ ಬರೆದಿದ್ದರು. ಯೂರೋಪಿನ ವೈದ್ಯರಲ್ಲಿ ಅನೇಕರು ಹತ್ತೊಂಬತ್ತನೆಯ ಶತಮಾನದವರೆಗೂ ಇದು ವಂಶದಲ್ಲಿ ಬರುವ ರೋಗ ಎಂದೇ ನಂಬಿದ್ದರು. 1882ರಲ್ಲಿ ಜರ್ಮನಿಯ ರಾಬರ್ಟ್ ಕೋಖ್ ರೋಗಾಣುವನ್ನು ತೋರಿಸಿಕೊಟ್ಟ ಮೇಲೆ ವಾದ ಮುಗಿಯಿತು. ರೋಗಾಣು ಹರಡುವುದು ಗಾಳಿಯಲ್ಲಿ. ಶ್ವಾಸಕೋಶದ ಕ್ಷಯವಿರುವವರು ಕೆಮ್ಮಿದಾಗ ಹೊರಬರುವ ಅತಿ ಸಣ್ಣ ಹನಿಗಳು ಮುಚ್ಚಿದ ಕೋಣೆಯಲ್ಲಿ ಗಂಟೆಗಟ್ಟಲೆ ತೇಲುತ್ತವೆ. ಕಫದಲ್ಲಿ ರೋಗಾಣು ಇರುವ ಒಬ್ಬರು ಚಿಕಿತ್ಸೆ ಇಲ್ಲದೆ ಉಳಿದರೆ ವರ್ಷಕ್ಕೆ ಸುಮಾರು 10ರಿಂದ 15 ಜನಕ್ಕೆ ಸೋಂಕು ದಾಟಿಸುತ್ತಾರೆ ಎಂಬುದು ಹಳೆಯ ಲೆಕ್ಕ. ಸೋಂಕು ತಗುಲಿದವರೆಲ್ಲ ರೋಗಿಗಳಾಗುವುದಿಲ್ಲ. ನೂರರಲ್ಲಿ ಐದರಿಂದ ಹತ್ತು ಮಂದಿಗೆ ಮಾತ್ರ ಜೀವಮಾನದಲ್ಲಿ ಯಾವಾಗಲಾದರೂ ರೋಗ ಏಳುತ್ತದೆ. ಉಳಿದವರಲ್ಲಿ ರೋಗಾಣು ಮಲಗಿರುತ್ತದೆ. ತಟ್ಟೆ, ಲೋಟ, ಬಟ್ಟೆಯಿಂದ ಇದು ಹರಡುವುದಿಲ್ಲ. ಸೊಸೆಗೆ ಕ್ಷಯ ಬಂತೆಂದು ತಟ್ಟೆ ಬೇರೆ ಇಟ್ಟು, ಅವಳನ್ನು ಅದೇ ಕಿಟಕಿ ಇಲ್ಲದ ಕೋಣೆಯಲ್ಲಿ ಎಲ್ಲರ ಜೊತೆ ಮಲಗಿಸುವ ಮನೆಗಳನ್ನು ನಾನು ನೋಡಿದ್ದೇನೆ. ಮಾಡಬೇಕಾದ್ದು ಇದಕ್ಕೆ ಸರಿಯಾಗಿ ತಿರುವುಮುರುವು.

ಔಷಧಿ ಬರುವ ಮುಂಚೆ ಇದ್ದ ಉಪಾಯ ಸ್ಯಾನಟೋರಿಯಂ ಒಂದೇ. ಶುದ್ಧ ಗಾಳಿ, ವಿಶ್ರಾಂತಿ, ಹಾಲು-ಮೊಟ್ಟೆ. ಮೈಸೂರಿನ ಪಿ.ಕೆ.ಟಿ.ಬಿ. ಸ್ಯಾನಟೋರಿಯಂ ಮೈಸೂರು ರಾಜಮನೆತನದ ಕೃಷ್ಣಾಜಮ್ಮಣ್ಣಿಯವರ ನೆನಪಿನಲ್ಲಿ ಕಟ್ಟಿದ್ದು. ಅರಮನೆಯ ಗೋಡೆಯನ್ನೂ ದಾಟಿದ ರೋಗ ಇದು. ಸ್ವಾತಂತ್ರ್ಯ ಬಂದಾಗ ದೇಶದಲ್ಲಿ ಇಂಥ ಹಾಸಿಗೆಗಳ ಲೆಕ್ಕ ಸಾವಿರಗಳಲ್ಲಿತ್ತು, ರೋಗಿಗಳ ಲೆಕ್ಕ ಲಕ್ಷಗಳಲ್ಲಿತ್ತು. 1955ರಿಂದ 1958ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆ ಇನ್ನೊಂದು ಆಘಾತ ಕೊಟ್ಟಿತು. ಕ್ಷಯ ನಗರದ ಕೊಳೆಗೇರಿಯ ರೋಗ ಎಂದುಕೊಂಡಿದ್ದರು. ಹಳ್ಳಿಗಳಲ್ಲೂ ಅದು ಹೆಚ್ಚುಕಡಿಮೆ ಅಷ್ಟೇ ಇತ್ತು. ಆಗ ಭಾರತದ ಬಹುಪಾಲು ಜನ ಇದ್ದದ್ದೇ ಹಳ್ಳಿಯಲ್ಲಿ. ಪ್ರತಿ ರೋಗಿಗೂ ಒಂದು ಹಾಸಿಗೆ ಎಂದು ಹೊರಟರೆ ದೇಶದ ಬೊಕ್ಕಸ ಪೂರಾ ಖಾಲಿಯಾದರೂ ಕೆಲಸ ಮುಗಿಯುತ್ತಿರಲಿಲ್ಲ.

ಮದ್ರಾಸಿನ ಪ್ರಯೋಗ

ಅಷ್ಟರಲ್ಲಿ ಸ್ಟ್ರೆಪ್ಟೋಮೈಸಿನ್, ಪಿ.ಎ.ಎಸ್., ಐಸೋನಿಯಾಜಿಡ್ ಬಂದಿದ್ದವು. ಕೊನೆಯದು ಅಗ್ಗದ ಗುಳಿಗೆ. ಮನೆಯಲ್ಲೇ ಗುಳಿಗೆ ನುಂಗಿ ರೋಗ ವಾಸಿಯಾಗುವುದಾದರೆ ಆಸ್ಪತ್ರೆ ಯಾಕೆ ಬೇಕು? ಪ್ರಶ್ನೆ ಸರಳ, ಆದರೆ ಉತ್ತರ ಯಾರಿಗೂ ಗೊತ್ತಿರಲಿಲ್ಲ. 1956ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಮದ್ರಾಸ್ ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಬ್ರಿಟನ್ನಿನ ಸಂಶೋಧನಾ ಮಂಡಳಿ ಕೂಡಿ ಮದ್ರಾಸಿನಲ್ಲಿ ಒಂದು ಕೇಂದ್ರ ತೆರೆದವು. ಮುಂದಾಳು ವ್ಯಾಲೇಸ್ ಫಾಕ್ಸ್ ಎಂಬ ಬ್ರಿಟಿಷ್ ವೈದ್ಯ. ಮದ್ರಾಸಿನ ಬಡ ಬಸ್ತಿಗಳ ಸುಮಾರು 190 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಭಾಗ ಮಾಡಿದರು. ಅರ್ಧ ಜನ ಸ್ಯಾನಟೋರಿಯಂನಲ್ಲಿ ಒಳ್ಳೆಯ ಊಟ, ವಿಶ್ರಾಂತಿಯೊಂದಿಗೆ. ಉಳಿದರ್ಧ ತಮ್ಮ ಇಕ್ಕಟ್ಟಿನ ಗುಡಿಸಲುಗಳಲ್ಲೇ, ತಮ್ಮ ಗಂಜಿಯಲ್ಲೇ, ಅನೇಕರು ಕೂಲಿಗೆ ಹೋಗುತ್ತಲೇ. ಔಷಧಿ ಇಬ್ಬರಿಗೂ ಒಂದೇ, ಒಂದು ವರ್ಷ.

ವರ್ಷದ ಕೊನೆಯಲ್ಲಿ ನೋಡಿದರೆ ಎರಡೂ ಗುಂಪಿನಲ್ಲಿ ಬಹುಪಾಲು ಜನ ವಾಸಿಯಾಗಿದ್ದರು, ವ್ಯತ್ಯಾಸ ಅಲ್ಪ. ಇನ್ನೂ ದೊಡ್ಡ ಭಯ ಮನೆಯವರದ್ದಾಗಿತ್ತು. ರೋಗಿಯನ್ನು ಮನೆಯಲ್ಲೇ ಇಟ್ಟುಕೊಂಡರೆ ಮಕ್ಕಳಿಗೆ ಬರುವುದಿಲ್ಲವೇ? ಮನೆಯಲ್ಲಿದ್ದ ರೋಗಿಗಳ ಕುಟುಂಬದಲ್ಲಿ ಸ್ಯಾನಟೋರಿಯಂಗೆ ಹೋದವರ ಕುಟುಂಬಕ್ಕಿಂತ ಹೆಚ್ಚು ಜನಕ್ಕೆ ರೋಗ ಬರಲಿಲ್ಲ. ಔಷಧಿ ಶುರುವಾದ ಮೇಲೆ ಕೆಮ್ಮಿನಲ್ಲಿ ಹೊರಬೀಳುವ ರೋಗಾಣು ಬೇಗ ಇಳಿಯುತ್ತದೆ. ಮನೆಯವರಿಗೆ ತಗುಲುವುದಾದರೆ ಹೆಚ್ಚಾಗಿ ತಗುಲಿರುವುದು ಅದಕ್ಕೂ ಮುಂಚೆ, ರೋಗ ಗೊತ್ತಾಗದೆ ಇದ್ದ ದಿನಗಳಲ್ಲಿ. ನಮ್ಮ ಖಾಲಾ ಮನೆಯ ಮೊಮ್ಮಗನಿಗೆ ಆದದ್ದೂ ಹೀಗೆಯೇ.

1959ರಲ್ಲಿ ಇದು ಪ್ರಕಟವಾದ ಮೇಲೆ ಬಡ ದೇಶಗಳ ಲೆಕ್ಕವೇ ಬದಲಾಯಿತು. ಹಾಸಿಗೆಯ ದುಡ್ಡು ಗುಳಿಗೆಗೆ ತಿರುಗಿತು. ನಿಧಾನವಾಗಿ ಶ್ರೀಮಂತ ದೇಶಗಳೂ ತಮ್ಮ ಸ್ಯಾನಟೋರಿಯಂಗಳನ್ನು ಮುಚ್ಚಿದವು. ಬಡವರ ಅನಿವಾರ್ಯತೆಯಿಂದ ಹುಟ್ಟಿದ ಪಾಠವನ್ನು ಸಿರಿವಂತರು ಕಲಿತ ಅಪರೂಪದ ಸಂಗತಿ ಇದು.

ತುಮಕೂರಿನ ಹಳ್ಳಿಗಳಲ್ಲಿ ಸಿಕ್ಕ ಉತ್ತರ

ಔಷಧಿಯೇನೋ ಸಿಕ್ಕಿತು. ಅದನ್ನು ಯಾರಿಗೆ ಕೊಡುವುದು? ಯೂರೋಪಿನಲ್ಲಿ ಎಕ್ಸ್-ರೇ ಯಂತ್ರ ಕೂರಿಸಿದ ವಾಹನಗಳು ಊರೂರು ಸುತ್ತಿ ಎಲ್ಲರ ಎದೆಯ ಚಿತ್ರ ತೆಗೆಯುತ್ತಿದ್ದವು. ನಮ್ಮಲ್ಲೂ ಹಾಗೇ ಮಾಡಬೇಕು, ಹಳ್ಳಿಯವರಿಗೆ ತಮ್ಮ ರೋಗದ ಅರಿವೇ ಇರುವುದಿಲ್ಲ ಎಂದು ದೊಡ್ಡವರು ಹೇಳುತ್ತಿದ್ದರು. ಲಕ್ಷಾಂತರ ಹಳ್ಳಿಗಳಿಗೆ ಅಂಥ ವಾಹನ, ಡೀಸೆಲ್, ಫಿಲ್ಮ್, ತಂತ್ರಜ್ಞರು ಎಲ್ಲಿಂದ?

1959ರಲ್ಲಿ ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾಗಿತ್ತು. ಅಲ್ಲಿ ವೈದ್ಯರ ಜೊತೆ ಸಂಖ್ಯಾಶಾಸ್ತ್ರಜ್ಞರು, ಸಮಾಜವಿಜ್ಞಾನ ಬಲ್ಲವರು ಒಟ್ಟಿಗೆ ಕೂತು ಕೆಲಸ ಮಾಡುತ್ತಿದ್ದರು. ಇಂದಿಗೂ ನಮ್ಮ ಆರೋಗ್ಯ ಇಲಾಖೆಗಳಲ್ಲಿ ಇದು ವಿರಳ. ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಿಗೆ ಹೋದರು. ಸಮೀಕ್ಷೆಯಲ್ಲಿ ಕ್ಷಯ ಇದೆ ಎಂದು ಗೊತ್ತಾದ ಜನರ ಮನೆ ಬಾಗಿಲಿಗೆ ಹೋಗಿ, "ನಿಮಗೆ ಏನಾದರೂ ತೊಂದರೆ ಇದೆಯೇ? ಅದಕ್ಕೆ ಏನು ಮಾಡಿದಿರಿ?" ಎಂದು ಕೇಳಿದರು.

ಬಹುಪಾಲು ರೋಗಿಗಳಿಗೆ ತಮ್ಮ ಕೆಮ್ಮು, ಜ್ವರ, ಎದೆನೋವಿನ ಅರಿವು ಚೆನ್ನಾಗಿತ್ತು. ಅನೇಕರಿಗೆ ಅದರ ಚಿಂತೆಯೂ ಇತ್ತು. ಸುಮಾರು ಅರ್ಧದಷ್ಟು ಜನ ಆಗಲೇ ಹತ್ತಿರದ ಆಸ್ಪತ್ರೆಗೆ ನಡೆದು ಹೋಗಿದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಹೆಚ್ಚಾಗಿ ಒಂದು ಬಾಟಲಿ ಕೆಮ್ಮಿನ ಔಷಧಿ. ಅದನ್ನು ಹಿಡಿದು ಮನೆಗೆ ಮರಳಿದ್ದರು.

ಈ ವಿಷಯ ಮೊದಲ ಸಲ ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಸುಮ್ಮನೆ ಕುಳಿತೆ. ನಾನು ಹುಟ್ಟುವ ಮುಂಚೆಯೇ ತುಮಕೂರಿನಲ್ಲಿ ಗೊತ್ತಾಗಿದ್ದ ತಪ್ಪನ್ನು ನಾನು ನನ್ನ ದವಾಖಾನೆಯಲ್ಲಿ ಹೊಸದಾಗಿ ಮಾಡಿದ್ದೆ.

ಯೋಜನೆ ಹಾಕುವವರಿಗೆ ಇದು ದೊಡ್ಡ ದಾರಿ ತೋರಿಸಿತು. ರೋಗಿಯನ್ನು ಹುಡುಕಿಕೊಂಡು ಎಕ್ಸ್-ರೇ ವಾಹನ ಹಳ್ಳಿಗೆ ಹೋಗಬೇಕಾಗಿಲ್ಲ. ರೋಗಿ ತಾನಾಗಿಯೇ ಬರುತ್ತಿದ್ದಾನೆ. ಬಂದವರ ಕೆಮ್ಮನ್ನು ಕೇಳಿ, ಕಫವನ್ನು ಒಂದು ಗಾಜಿನ ಪಟ್ಟಿಯ ಮೇಲೆ ಸವರಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸಾಕು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಂದು ಸೂಕ್ಷ್ಮದರ್ಶಕ, ಅದನ್ನು ಬಳಸಲು ಕಲಿತ ಒಬ್ಬರು. ಎಕ್ಸ್-ರೇಗೆ ಹೋಲಿಸಿದರೆ ಖರ್ಚು ತೀರಾ ಕಡಿಮೆ. ಅಷ್ಟೇ ಅಲ್ಲ, ಕಫದಲ್ಲಿ ರೋಗಾಣು ಕಾಣುವ ರೋಗಿಯೇ ಊರಿಗೆ ರೋಗ ಹಂಚುವವನು. ದುಡ್ಡು ಕಡಿಮೆ ಇದ್ದಾಗ ಮೊದಲು ಹಿಡಿಯಬೇಕಾದ್ದು ಅವನನ್ನೇ. ಡಿ.ಆರ್. ನಾಗ್‌ಪಾಲ್ ಮುಂತಾದವರು ಈ ಆಧಾರದ ಮೇಲೆ ಜಿಲ್ಲಾ ಕ್ಷಯ ಕಾರ್ಯಕ್ರಮದ ನಕ್ಷೆ ಹಾಕಿದರು. 1962ರಲ್ಲಿ ಅದೇ ರಾಷ್ಟ್ರೀಯ ಕಾರ್ಯಕ್ರಮವಾಯಿತು. ಕ್ಷಯಕ್ಕೆಂದೇ ಬೇರೆ ಸೈನ್ಯ ಕಟ್ಟದೆ, ಇರುವ ಸಾಮಾನ್ಯ ಆಸ್ಪತ್ರೆಗಳ ಮೂಲಕವೇ ಕೆಲಸ ಮಾಡಿಸುವುದು ಅದರ ತಿರುಳು. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿಯೂ 1974ರ ಹೊತ್ತಿಗೆ ಊರೂರು ಎಕ್ಸ್-ರೇ ತೆಗೆಯುವ ಪದ್ಧತಿ ಕೈಬಿಡಿ ಎಂದಿತು.

ಹುಡುಕುವುದು ಮೊದಲೋ, ಗುಣಪಡಿಸುವುದು ಮೊದಲೋ?

ಇಷ್ಟು ಒಳ್ಳೆಯ ನಕ್ಷೆ ಇದ್ದೂ ಮೂವತ್ತು ವರ್ಷ ನಮ್ಮ ದೇಶದಲ್ಲಿ ಕ್ಷಯ ಬಗ್ಗಲಿಲ್ಲ. 1992ರಲ್ಲಿ ಕಾರ್ಯಕ್ರಮವನ್ನು ಪರಿಶೀಲಿಸಿದಾಗ ಚಿಕಿತ್ಸೆ ಶುರು ಮಾಡಿದವರಲ್ಲಿ ಅರ್ಧದಷ್ಟು ಜನ ಕೂಡ ಅದನ್ನು ಮುಗಿಸುತ್ತಿಲ್ಲ ಎಂದು ತಿಳಿಯಿತು. ಔಷಧಿ ಸರಬರಾಜು ಆಗಾಗ ನಿಲ್ಲುತ್ತಿತ್ತು. ಆಗಿನ ಚಿಕಿತ್ಸೆ ಒಂದು ವರ್ಷದಿಂದ ಒಂದೂವರೆ ವರ್ಷ. ಎರಡು ತಿಂಗಳಲ್ಲಿ ಕೆಮ್ಮು ನಿಂತು, ಮೈ ತುಂಬಿಕೊಂಡು, ಹಸಿವು ಮರಳಿದ ಮನುಷ್ಯ ಕೂಲಿ ಬಿಟ್ಟು ಬಸ್ ಹತ್ತಿ ಗುಳಿಗೆಗೆ ಬಂದು, "ಈ ತಿಂಗಳು ಸ್ಟಾಕ್ ಇಲ್ಲ" ಎಂದು ಕೇಳಿಸಿಕೊಂಡು ಹೋದರೆ ಮತ್ತೆ ಬರುತ್ತಾನೆಯೇ? ಅವನನ್ನು ಬೈಯುವುದು ಸುಲಭ. ನಾನಾದರೂ ಬರುತ್ತಿರಲಿಲ್ಲ.

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಒಂದು ತಾಲೂಕಿನಲ್ಲಿ ಕಫದಲ್ಲಿ ರೋಗಾಣು ಇರುವ 100 ಜನ ಇದ್ದಾರೆ ಎಂದಿಟ್ಟುಕೊಳ್ಳಿ. ಒಬ್ಬ ಅಧಿಕಾರಿ ಹುರುಪಿನಿಂದ 90 ಜನರನ್ನು ಹುಡುಕುತ್ತಾನೆ, ಆದರೆ ಅವರಲ್ಲಿ ನೂರಕ್ಕೆ 40ರಷ್ಟು ಮಾತ್ರ ಗುಣವಾಗುತ್ತಾರೆ. ಅಂದರೆ 36 ಜನ. ಇನ್ನೊಬ್ಬ ಬರೇ 60 ಜನರನ್ನು ಹಿಡಿಯುತ್ತಾನೆ, ಆದರೆ ನೂರಕ್ಕೆ 85ರಂತೆ ಗುಣಪಡಿಸುತ್ತಾನೆ. ಅಂದರೆ 51 ಜನ. ಎರಡನೆಯವನೇ ಗೆದ್ದ. ಮೊದಲನೆಯವನ ತಾಲೂಕಿನಲ್ಲಿ ಇನ್ನೊಂದು ಅಪಾಯವೂ ಉಳಿದಿದೆ. ಅರ್ಧ ಔಷಧಿ ನುಂಗಿ ನಿಲ್ಲಿಸಿದ 54 ಜನ ಸಾಯುವುದೂ ಇಲ್ಲ, ಪೂರ್ತಿ ವಾಸಿಯಾಗುವುದೂ ಇಲ್ಲ. ಮೊದಲಿಗಿಂತ ಹೆಚ್ಚು ಕಾಲ ಬದುಕಿ ಕೆಮ್ಮುತ್ತಾರೆ. ಕೆಲವರ ರೋಗಾಣು ಔಷಧಿಗೆ ಬಗ್ಗದ ಜಾತಿಯಾಗುತ್ತದೆ. ಅಂಥವರಿಂದ ಹರಡಿದರೆ ಹೊಸ ರೋಗಿಗೂ ಮಾಮೂಲಿ ಗುಳಿಗೆ ನಾಟುವುದಿಲ್ಲ. ಕೆಟ್ಟ ಚಿಕಿತ್ಸೆ ಚಿಕಿತ್ಸೆ ಇಲ್ಲದ್ದಕ್ಕಿಂತ ಕೇಡು ಎಂದು ಕ್ಷಯದ ತಜ್ಞರು ಹೇಳುವುದು ಇದಕ್ಕೇ.

ಇದನ್ನು ಕಾರ್ಯರೂಪಕ್ಕೆ ತಂದು ತೋರಿಸಿದವರು ಕಾರೆಲ್ ಸ್ಟಿಬ್ಲೊ. ಚೆಕೊಸ್ಲೊವಾಕಿಯಾದವರು. ಎರಡನೆಯ ಮಹಾಯುದ್ಧದಲ್ಲಿ ನಾಜಿಗಳ ಮೌಟ್‌ಹೌಸನ್ ಶಿಬಿರದಲ್ಲಿ ಸೆರೆಯಾಳಾಗಿದ್ದಾಗ ಅವರಿಗೇ ಕ್ಷಯ ತಗುಲಿತ್ತು. 1970ರ ದಶಕದ ಕೊನೆಯಲ್ಲಿ ಅವರು ತಾಂಜಾನಿಯಾಕ್ಕೆ ಹೋದರು. ಆ ದೇಶ ಆಗ ಜಗತ್ತಿನ ಅತ್ಯಂತ ಬಡ ದೇಶಗಳಲ್ಲೊಂದು. ರಸ್ತೆ ಕೂಡ ಸರಿಯಿರದ ಜಿಲ್ಲೆಗಳು. ಸ್ಟಿಬ್ಲೊ ಅಲ್ಲಿ ಹೊಸ ಆಸ್ಪತ್ರೆ ಕಟ್ಟಲಿಲ್ಲ. ಪ್ರತಿ ಜಿಲ್ಲೆಗೆ ಕ್ಷಯದ ಹೊಣೆ ಹೊತ್ತ ಒಬ್ಬ ಸಂಯೋಜಕ, ಅವನಿಗೆ ಓಡಾಡಲು ಅನುಕೂಲ, ನಂಬಬಹುದಾದ ಸೂಕ್ಷ್ಮದರ್ಶಕ, ತಪ್ಪದೆ ಬರುವ ಔಷಧಿ, ಮೊದಲ ಎರಡು ತಿಂಗಳು ಆರೋಗ್ಯ ಕಾರ್ಯಕರ್ತರ ಕಣ್ಣೆದುರೇ ಗುಳಿಗೆ ನುಂಗಿಸುವುದು. ಕೊನೆಯದಾಗಿ ಒಂದು ದೊಡ್ಡ ರಿಜಿಸ್ಟರ್ ಪುಸ್ತಕ.

ಈ ಪುಸ್ತಕವೇ ಅವರ ಜಾಣತನ ಎಂಬುದು ನನ್ನ ಅಭಿಪ್ರಾಯ. ಪ್ರತಿ ರೋಗಿಯ ಹೆಸರಿನ ಮುಂದೆ ಕೊನೆಯಲ್ಲಿ ಏನಾಯಿತು ಎಂದು ಬರೆಯಲೇಬೇಕು: ಗುಣವಾದ, ತೀರಿಕೊಂಡ, ಬಿಟ್ಟುಹೋದ, ಬೇರೆ ಊರಿಗೆ ಹೋದ, ಔಷಧಿ ನಾಟಲಿಲ್ಲ. ಈ ಐದರಲ್ಲಿ ಒಂದು. ಖಾಲಿ ಬಿಡುವಂತಿಲ್ಲ. ಮೂರು ತಿಂಗಳಿಗೊಮ್ಮೆ ದಾಖಲಾದ ಅಷ್ಟೂ ರೋಗಿಗಳ ಗತಿಯನ್ನು ವರ್ಷದ ನಂತರ ಲೆಕ್ಕ ಒಪ್ಪಿಸಬೇಕು. ಎಷ್ಟು ಜನಕ್ಕೆ ಗುಳಿಗೆ ಹಂಚಿದೆವು ಎಂದು ಬೀಗುವ ಸರ್ಕಾರಗಳಿಗೆ, ಎಷ್ಟು ಜನ ಗುಣವಾದರು ಎಂದು ಉತ್ತರಿಸಲೇಬೇಕಾದ ಅನಿವಾರ್ಯತೆ ಬಂತು. ತಾಂಜಾನಿಯಾದಲ್ಲಿ ಸುಮಾರು ನೂರಕ್ಕೆ 80ರಷ್ಟು ರೋಗಿಗಳು ಗುಣವಾದರು. ಕಡಿಮೆ ಖರ್ಚಿನಲ್ಲಿ ಇಷ್ಟು ಜೀವ ಉಳಿಸುವ ಕೆಲಸ ಇನ್ನೊಂದು ಸಿಗುವುದು ಕಷ್ಟ ಎಂದು ವಿಶ್ವಬ್ಯಾಂಕಿನ ಲೆಕ್ಕಿಗರೂ ಒಪ್ಪಿದರು. ಅದೇ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆ 'ಡಾಟ್ಸ್' ಎಂಬ ಹೆಸರಿನಲ್ಲಿ ಜಗತ್ತಿಗೆಲ್ಲ ಹೇಳಿತು. ಹತ್ತಕ್ಕೆ ಏಳು ರೋಗಿಗಳನ್ನು ಹುಡುಕಿ, ಅವರಲ್ಲಿ ನೂರಕ್ಕೆ 85 ಜನರನ್ನು ಗುಣಪಡಿಸಿ ಎಂಬ ಗುರಿ ಇಟ್ಟಿತು.

ನಮ್ಮಲ್ಲಿ 1993ರಲ್ಲಿ ಪ್ರಯೋಗವಾಗಿ ಶುರುವಾಗಿ, 1997ರಿಂದ ಹಂತಹಂತವಾಗಿ ಹರಡಿ, 2006ರ ಮಾರ್ಚ್ ಹೊತ್ತಿಗೆ ಇದು ಇಡೀ ದೇಶವನ್ನು ಮುಟ್ಟಿತು. ಸುಮಾರು ಒಂದು ಲಕ್ಷ ಜನಸಂಖ್ಯೆಗೆ ಒಂದು ಕಫ ಪರೀಕ್ಷಾ ಕೇಂದ್ರ. ಆ ದಿನಗಳ ಒಂದು ಏರ್ಪಾಡು ನನಗೆ ಬಹಳ ಮೆಚ್ಚಿಕೆ. ಚಿಕಿತ್ಸೆ ಶುರುವಾಗುವ ದಿನವೇ ರೋಗಿಯ ಹೆಸರು ಬರೆದ ಒಂದು ರಟ್ಟಿನ ಪೆಟ್ಟಿಗೆ ತೆಗೆದಿಡುತ್ತಿದ್ದರು. ಅದರಲ್ಲಿ ಕೊನೆಯ ದಿನದವರೆಗಿನ ಅಷ್ಟೂ ಗುಳಿಗೆ. ಮಧ್ಯದಲ್ಲಿ ಸ್ಟಾಕ್ ಮುಗಿದರೂ ಆ ಪೆಟ್ಟಿಗೆ ಅವನದೇ. ನಮ್ಮ ಖಾಲಾ ಅದನ್ನು "ನನ್ನ ಡಬ್ಬಿ" ಎನ್ನುತ್ತಿದ್ದರು. ಪರೀಕ್ಷೆ ಬರೆಯುವ ಮಗುವಿನ ಹಾಗೆ, ಇನ್ನು ಎಷ್ಟು ಉಳಿದಿದೆ ಎಂದು ಎಣಿಸಿ ಬರುತ್ತಿದ್ದರು.

ಔಷಧಿ ಇದೆ, ಅನ್ನ?

ಮದ್ರಾಸಿನ ಪ್ರಯೋಗದಿಂದ ಒಂದು ತಪ್ಪು ಪಾಠವನ್ನೂ ನಾವು ಕಲಿತೆವು. ಗುಡಿಸಲಿನ ಗಂಜಿ ಕುಡಿದವರೂ ವಾಸಿಯಾದರಲ್ಲ, ಹಾಗಾದರೆ ಊಟಕ್ಕೆ ದುಡ್ಡು ಹಾಕುವುದು ದಂಡ ಎಂದು ಯೋಜನೆಯವರು ಕೈತೊಳೆದುಕೊಂಡರು. ಒಳ್ಳೆಯ ಗುಳಿಗೆ ಇದ್ದರೆ ಬಡ ಊಟದಲ್ಲೂ ರೋಗಾಣು ಸಾಯುತ್ತದೆ, ನಿಜ. ಆದರೆ ಸೊರಗಿದ ದೇಹದಲ್ಲಿ ಮಲಗಿರುವ ರೋಗಾಣು ಬೇಗ ಏಳುತ್ತದೆ ಎಂಬುದೂ ಅಷ್ಟೇ ನಿಜ. ಮೊದಲನೆಯದು ಈಗಿನ ರೋಗಿಯ ಮಾತು, ಎರಡನೆಯದು ನಾಳೆ ರೋಗಿಯಾಗುವವರ ಮಾತು.

ಇದನ್ನು ತೋರಿಸಿಕೊಟ್ಟ ದೊಡ್ಡ ಅಧ್ಯಯನದ ಮುಂದಾಳುಗಳು ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ. ಜಾರ್ಖಂಡ್‌ನ ನಾಲ್ಕು ಜಿಲ್ಲೆಗಳಲ್ಲಿ 2,800 ರೋಗಿಗಳು ಮತ್ತು ಅವರ ಮನೆಗಳ ಹತ್ತು ಸಾವಿರಕ್ಕೂ ಹೆಚ್ಚು ಸದಸ್ಯರನ್ನು ಆರಿಸಿಕೊಂಡರು. ರೋಗಿಗಳಿಗೆಲ್ಲ ತಿಂಗಳ ರೇಷನ್ ಸಿಕ್ಕಿತು. ಮನೆಯ ಉಳಿದವರ ವಿಷಯದಲ್ಲಿ ಅರ್ಧ ಕಡೆ ಅವರಿಗೂ ತಲೆಗೆ ಇಷ್ಟು ಎಂದು ಅಕ್ಕಿ, ಬೇಳೆ ಕೊಟ್ಟರು, ಇನ್ನರ್ಧ ಕಡೆ ಕೊಡಲಿಲ್ಲ. 2023ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಅಕ್ಕಿ-ಬೇಳೆ ಪಡೆದ ಮನೆಗಳಲ್ಲಿ ಹೊಸದಾಗಿ ಕ್ಷಯ ಬಂದವರು ನೂರಕ್ಕೆ 39ರಷ್ಟು ಕಡಿಮೆ. ಹರಡುವ ಬಗೆಯ ಕ್ಷಯವಂತೂ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ರೋಗಿಗಳಲ್ಲಿ ಮೊದಲೆರಡು ತಿಂಗಳಲ್ಲಿ ತೂಕ ಏರಿದವರು ಸಾಯುವುದು ಬಹಳ ಕಡಿಮೆಯಿತ್ತು. ಅಕ್ಕಿ-ಬೇಳೆ ನಮಗೆ ಬಡಿಸಿ ಗೊತ್ತಿರುವ 'ಲಸಿಕೆ'. ಝಕಾತ್, ಸದಕಾ ಹಂಚುವ ನಮ್ಮ ಮೊಹಲ್ಲಾ ಸಮಿತಿಗಳು ಪಟ್ಟಿ ಮಾಡುವಾಗ ಕ್ಷಯದ ಚಿಕಿತ್ಸೆಯಲ್ಲಿರುವ ಅರ್ಹ ಮನೆಗಳನ್ನು ಗುಟ್ಟಾಗಿ ಸೇರಿಸಿಕೊಂಡರೆ, ಆರು ತಿಂಗಳ ರೇಷನ್ ಒಂದು ಮನೆಯ ಮಕ್ಕಳನ್ನು ಕಾಯಬಲ್ಲದು. ಗುಟ್ಟಾಗಿ ಎಂದೆ. ಮೈಕ್‌ನಲ್ಲಿ ಹೆಸರು ಕರೆದು ಕೊಡುವ ರೇಷನ್‌ಗೆ ಯಾವ ಕ್ಷಯರೋಗಿಯೂ ಬರುವುದಿಲ್ಲ.

ಸರ್ಕಾರವೂ 2018ರ ಏಪ್ರಿಲ್‌ನಿಂದ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಚಿಕಿತ್ಸೆ ಮುಗಿಯುವವರೆಗೆ ರೋಗಿಯ ಬ್ಯಾಂಕ್ ಖಾತೆಗೆ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು. 2024ರ ನವೆಂಬರ್‌ನಿಂದ ಅದು 1,000 ರೂಪಾಯಿ. ಖಾತೆಯ ವಿವರ ಕೊಡದೆ ಈ ದುಡ್ಡು ಕಳೆದುಕೊಂಡವರು ನನ್ನ ಪರಿಚಯದಲ್ಲೇ ಹಲವರಿದ್ದಾರೆ. ಕೇಳಿ ಪಡೆಯಿರಿ.

ಈಗ ಎಲ್ಲಿದ್ದೇವೆ?

2023ರಲ್ಲಿ ಜಗತ್ತಿನಲ್ಲಿ ಸುಮಾರು 1 ಕೋಟಿ 8 ಲಕ್ಷ ಜನಕ್ಕೆ ಕ್ಷಯ ಬಂತು, ಹನ್ನೆರಡೂವರೆ ಲಕ್ಷ ಜನ ಸತ್ತರು. ರೋಗಿಗಳಲ್ಲಿ ನೂರಕ್ಕೆ 26 ಜನ ಭಾರತದವರು. 2025ಕ್ಕೆ ಕ್ಷಯವನ್ನು ಮುಗಿಸುತ್ತೇವೆ ಎಂದು ನಮ್ಮ ದೇಶ ಗುರಿ ಇಟ್ಟಿತ್ತು. ಸಂಖ್ಯೆ ಇಳಿದಿದೆ, ಆದರೆ ಗುರಿ ಮುಟ್ಟಲಿಲ್ಲ.

ಉಪಕರಣಗಳು ಮಾತ್ರ ಸುಧಾರಿಸಿವೆ. ಗೋವಾದಲ್ಲಿ ತಯಾರಾಗುವ ಟ್ರೂನಾಟ್ ಎಂಬ ಬ್ಯಾಟರಿಯ ಯಂತ್ರ ಸಣ್ಣ ಆಸ್ಪತ್ರೆಯಲ್ಲೂ ಕಫದಿಂದ ರೋಗಾಣುವಿನ ಗುರುತು ಹಿಡಿಯುತ್ತದೆ. ಮುಖ್ಯ ಔಷಧಿಯಾದ ರಿಫಾಂಪಿಸಿನ್‌ಗೆ ಅದು ಬಗ್ಗುತ್ತದೆಯೇ ಇಲ್ಲವೇ ಎಂಬುದನ್ನೂ ಅದೇ ಹೇಳುತ್ತದೆ. ರಕ್ತ ಪರೀಕ್ಷೆಯಿಂದ ಶ್ವಾಸಕೋಶದ ಕ್ಷಯ ತಿಳಿಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆ ರಕ್ತ ಪರೀಕ್ಷೆಗಳು ದಾರಿ ತಪ್ಪಿಸುತ್ತವೆಂದು 2012ರಲ್ಲೇ ಸರ್ಕಾರ ಅವನ್ನು ನಿಷೇಧಿಸಿದೆ. ಅದೇ ವರ್ಷದಿಂದ ಖಾಸಗಿ ವೈದ್ಯರೂ ತಾವು ಕಂಡ ಕ್ಷಯರೋಗಿಯ ಮಾಹಿತಿಯನ್ನು ಸರ್ಕಾರಕ್ಕೆ ಕೊಡಲೇಬೇಕು. ಚಿಕಿತ್ಸೆ ಸಾಮಾನ್ಯವಾಗಿ ಆರು ತಿಂಗಳು. ಮೊದಲು ಎರಡು ತಿಂಗಳು ನಾಲ್ಕು ಔಷಧಿ, ಆಮೇಲೆ ನಾಲ್ಕು ತಿಂಗಳು ಮೂರು ಔಷಧಿ, ದಿನಕ್ಕೊಮ್ಮೆ, ಪೂರ್ತಿ ಉಚಿತ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಹೆದರಬೇಡಿ, ಅದು ಔಷಧಿಯ ಬಣ್ಣ. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ ಮಾತ್ರ ತಕ್ಷಣ ವೈದ್ಯರ ಬಳಿ ಓಡಿ.

ಯುನಾನಿ ವೈದ್ಯನಾಗಿ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ನಮ್ಮ ಪದ್ಧತಿಯ ಮೇಲೆ ನನಗೆ ಗೌರವ ಇದೆ, ಅದರಿಂದಲೇ ನನ್ನ ಮನೆ ನಡೆಯುತ್ತದೆ. ಆದರೆ ಕ್ಷಯದ ರೋಗಾಣುವನ್ನು ಕೊಲ್ಲುವ ಮಾಜೂನ್ ಯಾವುದೂ ಇಲ್ಲ. ನಮ್ಮ ಶರ್ಬತ್ ಕೆಮ್ಮನ್ನು ಹಗುರ ಮಾಡುತ್ತದೆ, ಅದೇ ಅಪಾಯ. ಕೆಮ್ಮು ಹಗುರಾದರೆ ಪರೀಕ್ಷೆ ಮುಂದಕ್ಕೆ ಹೋಗುತ್ತದೆ. ಕ್ಷಯದ ಗುಳಿಗೆ ನುಂಗುವಾಗ ಜೊತೆಗೆ ಕುಶ್ತಾ, ಊರಮದ್ದು ಬೇಡ. ಯಕೃತ್ತಿನ ಮೇಲೆ ಆಗಲೇ ಸಾಕಷ್ಟು ಭಾರವಿದೆ.

ಪ್ರತಿ ರಮಝಾನ್‌ನಲ್ಲೂ ಒಂದು ಪ್ರಶ್ನೆ ಬರುತ್ತದೆ. ಚಿಕಿತ್ಸೆಯ ಮೊದಲ ತಿಂಗಳುಗಳಲ್ಲಿ, ಜ್ವರ ಮತ್ತು ನಿಶ್ಶಕ್ತಿ ಇರುವಾಗ ಉಪವಾಸ ಬೇಡ. ರೋಗಿಗೆ ರಿಯಾಯಿತಿ ಇದೆ, ಬಿಟ್ಟ ಉಪವಾಸವನ್ನು ಆಮೇಲೆ ತೀರಿಸಬಹುದು. ಚೇತರಿಸಿಕೊಂಡವರು ವೈದ್ಯರನ್ನು ಕೇಳಿ ಸಹರಿಗೋ ಇಫ್ತಾರ್‌ಗೋ ಗುಳಿಗೆಯ ಹೊತ್ತು ಬದಲಿಸಿಕೊಳ್ಳಬಹುದು. ಉಪವಾಸಕ್ಕಾಗಿ ಒಂದು ತಿಂಗಳು ಗುಳಿಗೆಯನ್ನೇ ಬಿಟ್ಟ ಒಬ್ಬ ಯುವಕನಿಗೆ ರೋಗ ಮರುಕಳಿಸಿದ್ದನ್ನು ನೋಡಿದ್ದೇನೆ. ಉಪವಾಸ ಬಿಡಿ, ಗುಳಿಗೆ ಬಿಡಬೇಡಿ.

ಮನೆಯಲ್ಲಿ ಒಬ್ಬರಿಗೆ ಕ್ಷಯ ಎಂದು ಗೊತ್ತಾದ ಕೂಡಲೇ ಉಳಿದ ಎಲ್ಲರನ್ನೂ ಪರೀಕ್ಷೆಗೆ ಕರೆದುಕೊಂಡು ಹೋಗಬೇಕು. ಐದು ವರ್ಷದೊಳಗಿನ ಮಕ್ಕಳನ್ನು ಎಲ್ಲಕ್ಕಿಂತ ಮೊದಲು. ರೋಗ ಇಲ್ಲ ಎಂದಾದರೆ, ಬಾರದ ಹಾಗೆ ತಡೆಯುವ ಗುಳಿಗೆಯನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ. ಹುಟ್ಟಿದಾಗ ಹಾಕಿಸುವ ಬಿ.ಸಿ.ಜಿ. ಲಸಿಕೆ ಮಕ್ಕಳ ಮಿದುಳಿನ ಕ್ಷಯವನ್ನು ಬಹುಮಟ್ಟಿಗೆ ತಡೆಯುತ್ತದೆ, ದೊಡ್ಡವರ ಶ್ವಾಸಕೋಶದ ಕ್ಷಯವನ್ನು ಅಷ್ಟಾಗಿ ಅಲ್ಲ. ಪರದೆಗೆಂದು ಕಿಟಕಿಯನ್ನೇ ಮುಚ್ಚಿಡುವ ಮನೆಗಳು ನಮ್ಮಲ್ಲಿ ಬಹಳ. ತೆಳು ಬಟ್ಟೆ ಕಟ್ಟಿದರೆ ಪರದೆಯೂ ಆಯಿತು, ಗಾಳಿಯೂ ಆಡಿತು.

ಹೆಣ್ಣುಮಕ್ಕಳ ವಿಷಯ ಬೇರೆಯೇ ಇದೆ. ಹೋದ ವರ್ಷ ನಿಶ್ಚಿತಾರ್ಥವಾಗಿದ್ದ ಹುಡುಗಿಯೊಬ್ಬಳ ತಂದೆ ರಾತ್ರಿ ಅಂಗಡಿ ಮುಚ್ಚಿದ ಮೇಲೆ ಬಂದು, "ಡಾಕ್ಟ್ರೇ, ರಿಜಿಸ್ಟರ್‌ನಲ್ಲಿ ಹೆಸರು ಬೇಡ, ಔಷಧಿ ನಾನೇ ಹೊರಗೆ ಕೊಂಡುಕೊಳ್ತೀನಿ" ಎಂದರು. ಭಯ ಸುಳ್ಳಲ್ಲ, ಇದೇ ಕಾರಣಕ್ಕೆ ಮುರಿದ ಮದುವೆಗಳನ್ನು ನಾನೂ ಬಲ್ಲೆ. ರಿಜಿಸ್ಟರ್ ಅಂಗಡಿಯ ಫಲಕ ಅಲ್ಲ, ಅದನ್ನು ಯಾರೂ ಬಂದು ಓದುವುದಿಲ್ಲ ಎಂದು ವಿವರಿಸಿದೆ. ಹೊರಗೆ ಕೊಂಡ ಗುಳಿಗೆ ಮೂರನೆಯ ತಿಂಗಳಿಗೆ ನಿಂತರೆ ಕೇಳುವವರು ಯಾರು ಎಂದೆ. ಅವರು ಬಹಳ ಹೊತ್ತು ಕೂತಿದ್ದರು. ಮರುದಿನ ಬೆಳಿಗ್ಗೆ ತಾಯಿಯೇ ಮಗಳನ್ನು ಕರೆದುಕೊಂಡು ತಾಲೂಕು ಆಸ್ಪತ್ರೆಗೆ ಹೋದರು. ಮದುವೆಯನ್ನು ಆರು ತಿಂಗಳು ಮುಂದೂಡಿದರು, ಕಾರಣ ಏನೆಂದು ಹೇಳಿದರೋ ನಾನು ಕೇಳಲಿಲ್ಲ.

ಈಗ ನನ್ನ ಮೇಜಿನ ಖಾನೆಯಲ್ಲಿ ಮುಚ್ಚಳವಿರುವ ಕಫದ ಡಬ್ಬಿಗಳು ಇರುತ್ತವೆ, ಆಸ್ಪತ್ರೆಯವರೇ ಕೊಟ್ಟದ್ದು. ಎರಡು ವಾರ ದಾಟಿದ ಕೆಮ್ಮಿನವರು ಬಂದರೆ ಶರ್ಬತ್ ಬರೆಯುವ ಮುಂಚೆ ಡಬ್ಬಿ ಕೊಡುತ್ತೇನೆ: ಬೆಳಿಗ್ಗೆ ಎದ್ದು ಬಾಯಿ ಮುಕ್ಕಳಿಸಿ, ಬಯಲಿನಲ್ಲಿ ನಿಂತು, ಎದೆಯಾಳದಿಂದ ಕೆಮ್ಮಿ ಬಂದ ಕಫ ಬೇಕು, ಎಂಜಲು ಬೇಡ. ಹೆಚ್ಚಿನವರದ್ದು ಕ್ಷಯ ಅಲ್ಲ ಎಂದು ವರದಿ ಬರುತ್ತದೆ. "ಸುಮ್ಮನೆ ಹೆದರಿಸಿದ್ರಿ ಹಕೀಂ ಸಾಬ್" ಎಂದು ಸಿಟ್ಟು ಮಾಡಿಕೊಂಡು ಹೋಗುವವರೂ ಇದ್ದಾರೆ. ಅವರಿಗೆ ಆಮೇಲೆ ಶರ್ಬತ್ ಜೂಫಾ ಕೊಡುತ್ತೇನೆ.